ಗಾಳಿಯಿಲ್ಲದ ಆಕಾಶ

ನಮ್ಮ ಯಜಮಾನರು ಕ್ಷೌರಿಕರು. ಮೂಗಿನೊಳಗಿನ ಕೂದಲನ್ನೂ ನೋವಾಗದಂತೆ ಕತ್ತರಿಸುವ ಕೈ. ಅಂಥವರ ಕತ್ತರಿ ನಿನ್ನೆ ಗಿರಾಕಿಯೊಬ್ಬನ ಕಿವಿಗೆ ತಾಗಿ ರಕ್ತ ಬಂತು. "ಅವನೇ ಅಲ್ಲಾಡಿದ" ಎಂದು ಮುಖ ಊದಿಸಿಕೊಂಡು ಮನೆಗೆ ಬಂದವರು ಊಟವನ್ನೂ ಮಾಡಲಿಲ್ಲ. ಅವರಿಗೆ ಬಹಳ ದಿನದಿಂದ ರಿಮೋಟ್ ಹೆಲಿಕಾಪ್ಟರಿನ ಆಸೆ. ಮನಸ್ಸಾದರೂ ಹಗುರಾಗಲಿ ಎಂದು ಇವತ್ತು ನಾನೇ ಅಂಗಡಿಗೆ ಎಳೆದುಕೊಂಡು ಹೋದೆ.

"ಮೊದಲ್ನೇದು ಅಂದ್ರೆ ಬ್ಯಾಟರಿಯ ಈ ಸಣ್ಣದು ಸಾಕು," ಎಂದ ಅಂಗಡಿಯವನು. "ಆದ್ರೆ ಮುಂಚೆ ಸಿಮ್ಯುಲೇಟರಲ್ಲಿ ಕಲೀರಿ. ಕಂಪ್ಯೂಟರಲ್ಲಿ ಎಷ್ಟು ಸಲ ಬಿದ್ರೂ ರೆಕ್ಕೆ ಮುರಿಯಲ್ಲ. ಸುಮ್ನೆ ಒಂದೇ ಕಡೆ ನಿಲ್ಸಿ ನೋಡಿ."

ಇವರು ರಿಮೋಟ್ ಹಿಡಿದರು. ಪರದೆಯ ಮೇಲೆ ಹೆಲಿಕಾಪ್ಟರ್ ಎದ್ದು, ಚಳಿಜ್ವರ ಬಂದವರ ಹಾಗೆ ನಡುಗಿತು.

"ಕಂಪ್ಯೂಟರಲ್ಲಿ ಗಾಳಿ ಜಾಸ್ತಿ ಇಟ್ಟಿದ್ದೀರೇನೋ," ಎಂದರು ಇವರು.

"ಸೊನ್ನೆಗೆ ಇಟ್ಟಿದ್ದೀನಿ ಸಾರ್."

ನನಗೆ ಪಿತ್ತ ನೆತ್ತಿಗೇರಿತು. "ಕೆಟ್ಟೋಗಿರೋ ರಿಮೋಟ್ ಕೊಟ್ಟು ನಮ್ಮ ಕಿವಿ ಮೇಲೆ ಹೂವಿಡ್ತೀರಾ?"

ಅವನು ಹೊಸ ಡಬ್ಬಿ ತೆರೆದು ಬೇರೆ ರಿಮೋಟ್ ಕೊಟ್ಟ. ಅದರಲ್ಲೂ ಅದೇ ನಡುಕ. ಕೊನೆಗೆ ಅದನ್ನೇ ತಾನು ಹಿಡಿದ. ಹೆಲಿಕಾಪ್ಟರ್ ಆಕಾಶಕ್ಕೆ ಮೊಳೆ ಹೊಡೆದಂತೆ ನಿಂತಿತು.

ಇನ್ನಷ್ಟು ಬೈಯಲು ತೆರೆದ ಬಾಯಿಯನ್ನು ಮುಚ್ಚಿಕೊಂಡೆ. ಇವರು ಎರಡೂ ಕೈಗಳನ್ನು ಜೇಬಿಗೆ ತುರುಕಿಕೊಂಡು ಹೊರಗೆ ನಡೆದರು. ಬೀದಿಯ ತಿರುವಿನವರೆಗೂ ನನ್ನ ಮುಖ ನೋಡಲಿಲ್ಲ.

"ಆ ಗಿರಾಕಿ ಅಲ್ಲಾಡಿರ್ಲಿಲ್ಲ ಕಣೇ," ಎಂದರು.