ಉಬ್ಬು ಮುಂದೆ, ಕುಳಿ ಹಿಂದೆ

ಹನ್ನೆರಡು ಗಂಟೆಗೆ ಅಕ್ಕನ ಲೇಖನ ಅಚ್ಚಿಗೆ ಹೋಗಬೇಕಿತ್ತು. ಹತ್ತೂವರೆಗೆ ತಂಗಿಯ ಕೈಗೆ ಆ ಹಾಳು ಫೋಟೊ ಸಿಕ್ಕಿತು.

ಇಬ್ಬರಿಗೂ ಕೆಲಸ ಒಂದೇ ವಸ್ತುಸಂಗ್ರಹಾಲಯದಲ್ಲಿ. ಕಲ್ಲಾದ ಮೀನುಗಳನ್ನು ಸೂಜಿಯಿಂದ ಕೆರೆದು ಬಂಡೆಯಿಂದ ಬಿಡಿಸುವುದು ನೆಲಮಾಳಿಗೆಯಲ್ಲಿ ಕೂತ ತಂಗಿಯ ಪಾಲು. ಬಿಡಿಸಿದ್ದು ಯಾವ ಮನೆತನದ್ದು, ಯಾರಿಗೆ ಹತ್ತಿರ, ಯಾರಿಗೆ ದೂರ ಎಂದು ತೀರ್ಮಾನಿಸುವುದು ಮೇಲಿನ ಮಹಡಿಯ ಅಕ್ಕನ ಪಾಲು. ಅಕ್ಕನ ಜೀವವೆಲ್ಲ ಗಾರ್ ಮೀನಿನ ಮೇಲೆ. ಉದ್ದ ಮೂತಿ, ಹೆಂಚು ಜೋಡಿಸಿದ ಹಾಗೆ ಗಟ್ಟಿ ಹುರುಪೆ. ಇವತ್ತು ಬದುಕಿರುವುದು ಏಳೇ ಬಗೆ, ಉಳಿದ ನೆಂಟರಿಷ್ಟರೆಲ್ಲ ಕಲ್ಲಿನೊಳಗೆ. ಸ್ವಂತ ಸೋದರತ್ತೆಯ ಮಕ್ಕಳೆಷ್ಟು ಎಂದು ಕೇಳಿದರೆ ಬೆರಳು ಮಡಚುವ ಅಕ್ಕನಿಗೆ, ಕೋಟ್ಯಂತರ ವರ್ಷದ ಹಿಂದೆ ಸತ್ತ ಈ ನೆಂಟರ ಹಲ್ಲಿನ ಸಾಲು ಸಹ ಬಾಯಿಪಾಠ.

ಗಾರ್ ಮೀನಿನ ಗುರುತಿರುವುದು ಬೆನ್ನೆಲುಬಿನ ಮಣಿಗಳಲ್ಲಿ. ಬಹುಪಾಲು ಮೀನುಗಳ ಮಣಿಗೆ ಎರಡು ಕಡೆಯೂ ಕುಳಿ. ಗಾರ್‌ಗಾದರೆ ತಲೆಯ ಕಡೆ ಉಬ್ಬು, ಬಾಲದ ಕಡೆ ಕುಳಿ. ಆರು ವರ್ಷದ ಹಿಂದೆ ತಂಗಿ ಒಂದು ಬಂಡೆಯಿಂದ ಹದಿನಾಲ್ಕು ಮಣಿ ಬಿಡಿಸಿಕೊಟ್ಟಿದ್ದಳು. ಎಲ್ಲವೂ ತಿರುಗುಮುರುಗು: ತಲೆಯ ಕಡೆ ಕುಳಿ, ಬಾಲದ ಕಡೆ ಉಬ್ಬು. ಅಕ್ಕ ಕುಣಿದಾಡಿಬಿಟ್ಟಳು. ಗಾರ್‌ಗಳ ಪಕ್ಕದಲ್ಲೇ ಅಳಿದುಹೋದ ಇನ್ನೊಂದು ಕುಟುಂಬವಿತ್ತು ಎಂದು ಅಂದಿನಿಂದ ಅಳೆದಳು, ಬರೆದಳು, ದೊಡ್ಡವರಿಂದ ಬೈಸಿಕೊಂಡಳು, ಕೊನೆಗೂ ಒಪ್ಪಿಸಿದಳು. ಸೋಮವಾರ ಅವಳ ಕಾಯಂ ಹುದ್ದೆಯ ಸಂದರ್ಶನ. ಎರಡು ಸಲ ಕೈತಪ್ಪಿದ ಹುದ್ದೆ ಅದು. ಈ ಲೇಖನವಿಲ್ಲದಿದ್ದರೆ ಮೂರನೆಯ ಸಲವೂ ಅಷ್ಟೇ.

ಬಾಲದ ಕಡೆಗೆ ಬಾಗಿರಬೇಕಿದ್ದ ಮಣಿಗಳ ಮೇಲಿನ ಮುಳ್ಳುಗಳು ಮುರಿದುಹೋಗಿದ್ದವು. ತಲೆಯ ಕಡೆ ಯಾವುದು ಎನ್ನಲು ಇದ್ದ ಸಾಕ್ಷಿ ಒಂದೇ: ಬಿಡಿಸುವಾಗ ಪ್ರತಿಯೊಂದರ ಮೇಲೂ ತಂಗಿ ಕಪ್ಪು ಶಾಯಿಯಲ್ಲಿ ಹಾಕಿದ್ದ ಪುಟ್ಟ ಬಾಣ.

ಅಂಟಿನ ಡಬ್ಬಿ ಹುಡುಕುತ್ತಿದ್ದಾಗ ಸಿಕ್ಕ ಫೋಟೊದಲ್ಲಿ ಅದೇ ಬಂಡೆ ಇತ್ತು. ಕೆಳಮೈ ಕೆರೆಯಲೆಂದು ಬಂಡೆಯನ್ನು ಮಗುಚಿ ಹಾಕಿದ ದಿನ ತೆಗೆದದ್ದು. ಆಮೇಲೆ ಪುಡಿಯಾಗಿ ಉದುರಿಹೋದ ದವಡೆ ಅದರಲ್ಲಿ ಹಲ್ಲು ಸಮೇತ ಕಾಣುತ್ತಿತ್ತು, ಬಲಗಡೆಗೆ. ಅಂದರೆ ತಲೆ ಬಲಕ್ಕೆ. ಆದರೆ ತಂಗಿ ನಕ್ಷೆ ಬರೆದುಕೊಂಡದ್ದು ಮಗುಚುವ ಮೊದಲು. ಅದರಲ್ಲಿ ತಲೆ ಎಡಕ್ಕೆ. ಬಂಡೆಯನ್ನು ಮಗುಚಿದ ಪುಣ್ಯಾತ್ಗಿತ್ತಿ ನಕ್ಷೆಯನ್ನು ಮಗುಚಿರಲಿಲ್ಲ. ಅದನ್ನೇ ನೋಡಿಕೊಂಡು ಹದಿನಾಲ್ಕು ಬಾಣವನ್ನೂ ಎಡಕ್ಕೆ, ಅಂದರೆ ಬಾಲದ ಕಡೆಗೆ ಹಾಕಿಬಿಟ್ಟಿದ್ದಳು. ಹೊಸ ಕುಟುಂಬವೂ ಇಲ್ಲ, ಮಣ್ಣೂ ಇಲ್ಲ. ಅದು ಸಾದಾ ಗಾರ್.

ಹರಿದು ಹಾಕಿದರೆ? ಯಾರಿಗೂ ಗೊತ್ತಾಗುವುದಿಲ್ಲ. ಅಕ್ಕನಿಗೆ ಹುದ್ದೆ ಸಿಗುತ್ತದೆ. ತಂಗಿ ಫೋಟೊದ ಅಂಚು ಹಿಡಿದು ನಿಂತಳು, ಹರಿಯಲು ಕೈ ಬರಲಿಲ್ಲ. ಮೆಟ್ಟಿಲು ಹತ್ತಿದಳು, ಅರ್ಧಕ್ಕೆ ನಿಂತಳು, ಇಳಿದಳು, ಮತ್ತೆ ಹತ್ತಿದಳು. ಕೋಣೆಯ ಬಾಗಿಲು ತಳ್ಳಿದಾಗ ಹನ್ನೊಂದು ದಾಟಿತ್ತು.

ಅಕ್ಕ ಕೆಂಪು ಪೆನ್ನು ಹಿಡಿದು ಕೊನೆಯ ಪುಟ ತಿದ್ದುತ್ತಿದ್ದಳು. "ಏನೇ, ಮುಖ ಯಾಕೆ ಹಾಗಿದೆ? ಏನಾದ್ರೂ ಒಡೆದು ಹಾಕಿದ್ಯಾ?"

"ಒಡೆದಿಲ್ಲ ಅಕ್ಕಾ. ಅದಕ್ಕಿಂತ ಕೆಟ್ಟದ್ದು."

ತಂಗಿ ಫೋಟೊ ಇಟ್ಟು, ತೊದಲುತ್ತಾ ಎಲ್ಲ ಹೇಳಿದಳು. ಅಕ್ಕ ಭೂತಗನ್ನಡಿ ತೆಗೆದು ನೋಡಿದಳು. ತುಂಬ ಹೊತ್ತು ನೋಡಿದಳು.

"ಇದನ್ನ ಬೇರೆ ಯಾರಾದ್ರೂ ನೋಡಿದಾರಾ?"

"ಇಲ್ಲ."

ಅಕ್ಕ ಫೋಟೊ ಬೋರಲು ಹಾಕಿ, ಅದರ ಮೇಲೆ ಅಂಗೈ ಊರಿ, ಗಡಿಯಾರ ನೋಡಿದಳು. ಅಲ್ಲಿಯವರೆಗೆ ಅಕ್ಕ ಬೈಯುತ್ತಾಳೆಂದು ಹೆದರಿದ್ದ ತಂಗಿಗೆ ಈಗ ಅವಳು ಬೈಯದೇ ಹೋದರೆ ಎಂಬ ಹೆದರಿಕೆ ಹಿಡಿಯಿತು.

"ಆರು ವರ್ಷ ಕಣೇ," ಎಂದಳು ಅಕ್ಕ. "ಮಗುಚಿದ ಮೇಲೆ ಒಂದು ಸಲ ನೋಡ್ಬಾರದಿತ್ತಾ? ನಿನ್ನ ಕೈಗೆ ಕೊಟ್ಟಿದ್ದೇ ನನ್ನ ತಪ್ಪು. ಹೋಗು, ಕಣ್ಣೆದುರು ನಿಲ್ಲಬೇಡ."

"ಫೋಟೊ..."

"ಇಲ್ಲೇ ಇರಲಿ. ಹೋಗು ಅಂದೆ."

ನೆಲಮಾಳಿಗೆಯಲ್ಲಿ ತಂಗಿ ಕೂರಲಾರದೆ, ನಿಲ್ಲಲಾರದೆ ಚಡಪಡಿಸಿದಳು. ಹನ್ನೆರಡಾಯಿತು. ಲೇಖನ ಹೋಯಿತೋ, ಇಲ್ಲವೋ? ಕೇಳಲು ಧೈರ್ಯವಿಲ್ಲ. ಹೋಗಿದ್ದರೆ ನಾಳೆಯಿಂದ ಅಕ್ಕನ ಮುಖ ನೋಡುವುದು ಹೇಗೆ? ಹೋಗಿರದಿದ್ದರೆ ತಾನು ಅಕ್ಕನಿಗೆ ಮುಖ ತೋರಿಸುವುದು ಹೇಗೆ?

ಹನ್ನೆರಡೂವರೆಗೆ ಅಕ್ಕ ಇಳಿದು ಬಂದಳು. ಕೈಯಲ್ಲಿ ಹದಿನಾಲ್ಕು ಮಣಿಗಳ ತಟ್ಟೆ. ಕಣ್ಣು ಕೆಂಪಾಗಿತ್ತು.

"ಕಳಿಸಿದ್ಯಾ?"

"ವಾಪಸ್ ತಗೊಂಡೆ."

"ಸೋಮವಾರ?"

"ಹೋಗ್ತೀನಿ. ಆಗಿದ್ದು ಹೇಳ್ತೀನಿ. ಕೊಟ್ರೆ ಕೊಡ್ಲಿ, ಬಿಟ್ರೆ ಬಿಡ್ಲಿ." ಮಾತು ಗಟ್ಟಿಯಾಗಿತ್ತು, ದನಿ ಆಗಿರಲಿಲ್ಲ. "ಹೆದರಿಕೆ ಆಗ್ತಿದೆ ಕಣೇ. ತುಂಬಾ."

ಅಕ್ಕ ಮೇಜಿನ ಮೇಲೆ ತಟ್ಟೆ ಇಟ್ಟು, ಜೇಬಿನಿಂದ ಹೊಸ ಚೀಟಿ ತೆಗೆದಳು. ಅವಳದೇ ಅಕ್ಷರ: ಗಾರ್ ಕುಟುಂಬ, ಬೆನ್ನೆಲುಬಿನ ಮಣಿ ಹದಿನಾಲ್ಕು. ಕೆಳಗೆ 'ಗುರುತಿಸಿದವರು' ಎಂದಿದ್ದ ಕಡೆ ಖಾಲಿ ಬಿಟ್ಟಿದ್ದಳು. ಆ ಕಟ್ಟಡದ ಸಾವಿರಾರು ಚೀಟಿಗಳಲ್ಲಿ ಅಲ್ಲಿರುವುದೆಲ್ಲ ಮೇಲಿನ ಮಹಡಿಯವರ ಹೆಸರು. ಕೆರೆಯುವವರ ಹೆಸರು ಒಂದೂ ಇಲ್ಲ.

"ಬರಿ," ಎಂದು ಪೆನ್ನು ಚಾಚಿದಳು.

"ನಾನಾ? ತಪ್ಪು ಮಾಡಿದವಳೇ ನಾನು."

"ಬಾಣ ತಪ್ಪಾಗಿ ಹಾಕಿದ್ದು ನೀನು. ಬಾಣಾನ ನಂಬಿಕೊಂಡು ಕೂತಿದ್ದು ನಾನು. ಆದ್ರೆ ಇದು ಗಾರ್ ಅಂತ ಹೇಳಿದ್ದು ನಾನಲ್ವಲ್ಲ, ನೀನು. ಬರಿ."

ತಂಗಿ ಬರೆದಳು. ಅಕ್ಷರ ಸೊಟ್ಟಗಾಯಿತು, ಕಣ್ಣೀರು ಬಿದ್ದು ಒಂದು ಕಡೆ ಶಾಯಿ ಹರಡಿತು. ಬೇರೆ ಚೀಟಿ ಕೇಳಿದಳು. ಅಕ್ಕ ಕೊಡಲಿಲ್ಲ.