ಆರನೆಯ ಹಲ್ಲುಸೆಟ್ಟು

ತೀರಿಕೊಂಡ ಅಪ್ಪನ ದವಡೆಯ ಕೆಳಗೆ ಎರಡು ಬೆರಳಿಟ್ಟು ಒತ್ತಿದರೂ ಬಾಯಿ ತೆರೆಯಲಿಲ್ಲ. ಚಿಕ್ಕಪ್ಪ ಕೈ ಒರೆಸಿಕೊಂಡು ಮತ್ತೆ ಬಗ್ಗಿದರು. ಚಿಕ್ಕಪ್ಪ ಎಂದರೆ ಅಪ್ಪನ ಒಡಹುಟ್ಟಿದವರಲ್ಲ; ಅವನ ಜೊತೆ ಒಂದೇ ಮೇಜಿನಲ್ಲಿ ಮೂವತ್ತು ವರ್ಷ ಕೃತಕ ಹಲ್ಲು ಮಾಡಿದವರು. ನಿನ್ನೆ ತಾನೇ ಮುಗಿಸಿದ ಹೊಸ ಸೆಟ್ಟೊಂದು ಅವರ ಜೇಬಿನಲ್ಲಿತ್ತು.

"ಬಿಟ್ಬಿಡಿ ಚಿಕ್ಕಪ್ಪ," ಎಂದಳು ಮಗಳು. "ಇನ್ನೇನು ಅಗಿಯೋದಿದೆ ಅಪ್ಪಂಗೆ?"

"ಹೊಸದನ್ನ ಹಾಕಿ ಕಳಿಸ್ಲಿ ಬಿಡೇ. ಮುಖ ಹೇಗೆ ಕುಸಿದುಹೋಗಿದೆ ನೋಡು," ಎಂದಳು ತಾಯಿ.

ಬಾಗಿಲಲ್ಲಿ ನಿಂತಿದ್ದ ಎದುರುಮನೆಯ ಗುಮಾಸ್ತರು ತಲೆಯಾಡಿಸಿದರು. "ಎಂಥಾ ಮನುಷ್ಯ! ಬೆಳೆದ ಮಗ ಹೋದಾಗ್ಲೂ ಒಂದು ಹನಿ ಕಣ್ಣೀರಿಲ್ಲ. ಉಸಿರು ನೋಡ್ತಾ ಧ್ಯಾನಕ್ಕೆ ಕೂರೋದನ್ನ ನಂಗೂ ಹೇಳಿಕೊಟ್ರು. ಐದು ನಿಮಿಷಕ್ಕೆ ನಾನು ಗೊರಕೆ ಹೊಡೀತಿದ್ದೆ."

ಯಾರೋ ನಕ್ಕರು. ಮಗಳು ನಗಲಿಲ್ಲ. ಆ ಬಾರದ ಕಣ್ಣೀರಿಗಾಗಿಯೇ ಅವಳು ನಾಲ್ಕು ವರ್ಷದಿಂದ ಅಪ್ಪನ ಜೊತೆ ಮಾತು ಬಿಟ್ಟಿದ್ದಳು.

*

ನಾಲ್ಕು ವರ್ಷದ ಹಿಂದೆ, ಅವಳ ತಮ್ಮ ಸತ್ತ ಮೂರನೆಯ ದಿನವೇ ಅಪ್ಪ ಕೆಲಸಕ್ಕೆ ಹೋಗಿದ್ದ. ಅವಳು ಹುಡುಕಿಕೊಂಡು ಹೋದಾಗ ಮೇಣದ ಒಸಡಿನಲ್ಲಿ ಒಂದೊಂದೇ ಹಲ್ಲು ಕೂರಿಸುತ್ತಿದ್ದ. ಕೈ ಒಂದಿಷ್ಟೂ ನಡುಗುತ್ತಿರಲಿಲ್ಲ.

"ನಿಂಗೇನೂ ಅನ್ನಿಸ್ತಿಲ್ವಾ ಅಪ್ಪ?"

"ಅನ್ಸುತ್ತೆ. ಬರುತ್ತೆ, ಹೋಗುತ್ತೆ. ನಾವು ಸಾಕ್ಷಿಯಾಗಿ ನೋಡ್ತಾ ಇರ್ಬೇಕು, ಅಷ್ಟೇ. ನೋಡೋನಿಗೆ ನೋವಿಲ್ಲ ಮಗಳೇ. ಕೂತ್ಕೋ, ಕಣ್ಮುಚ್ಚು, ಹೇಳಿಕೊಡ್ತೀನಿ."

"ನಂಗೆ ಗುರು ಬೇಡ, ಅಪ್ಪ ಬೇಕು. ನನ್ನ ಜೊತೆ ಒಂದ್ಸಲ ಅಳು, ಸಾಕು."

ಅಪ್ಪ ಮುಂದಿನ ಹಲ್ಲನ್ನು ಕೈಗೆತ್ತಿಕೊಂಡ.

*

ಕೊನೆಗೂ ದವಡೆ ಸಡಿಲಿತು. ಚಿಕ್ಕಪ್ಪ ಹಳೆಯ ಸೆಟ್ಟು ತೆಗೆದು ಕಿಟಕಿಯ ಬೆಳಕಿಗೆ ಹಿಡಿದರು. ಹಲ್ಲುಗಳ ಏರುತಗ್ಗೆಲ್ಲ ಸವೆದು ಸಪಾಟಾಗಿತ್ತು.

"ಇದನ್ನ ಕೊಟ್ಟು ಆರು ತಿಂಗಳಾಗಿಲ್ಲ. ನಾಲ್ಕು ವರ್ಷಕ್ಕೆ ಐದು ಸೆಟ್ಟು! ಬೇರೆಯೋರಿಗೆ ಒಂದೇ ಬರುತ್ತೆ ಇಷ್ಟು ದಿನ. ಮಾಲೇ ಕಳಪೆ ಅಂದ್ಕೊಂಡು ಗಟ್ಟಿದು ಹಾಕ್ತಾ ಹೋದೆ. ತಿನ್ನೋದು ಜಾಸ್ತಿ ಆಯ್ತಾ ಅಣ್ಣ, ಅಂತ ತಮಾಷೆ ಬೇರೆ ಮಾಡ್ದೆ."

"ತಿನ್ನೋದೆಲ್ಲಿ ಬಂತು?" ಎಂದಳು ತಾಯಿ. "ಎರಡು ತುತ್ತು ತಿಂದ್ರೆ ಹೆಚ್ಚು."

ಮಗಳು ತಾಯಿಯ ಕಡೆ ತಿರುಗಿದಳು. "ಅಮ್ಮ, ಹಲ್ಲು ಕಡಿಯೋ ಸದ್ದೇನೂ ನಿಂಗೆ ಕೇಳಿಸ್ತಿರ್ಲಿಲ್ವಾ?"

ತಾಯಿ ಆ ಸವೆದ ಹಲ್ಲುಗಳನ್ನು ಮುಟ್ಟಿ ನೋಡಿದಳು. "ಬೆಳಗ್ಗೆ ಧ್ಯಾನಕ್ಕೆ ಅಂತ ಬಾಗಿಲು ಹಾಕ್ಕೊಂಡು ಕೂರ್ತಿದ್ರಲ್ಲ, ಆಗ ಒಳಗಿಂದ ಕರಕರ ಅಂತಿತ್ತು. ಇಲಿ ಅಂದ್ಕೊಂಡೆ ಕಣೇ. ಬೋನಿಟ್ಟೆ. ನಾಲ್ಕು ವರ್ಷ ಇಟ್ಟೆ. ಒಂದೂ ಬೀಳ್ಲಿಲ್ಲ."

ಮಗಳಿಗೆ ಅಪ್ಪನ ಭುಜ ಹಿಡಿದು ಕುಲುಕಬೇಕೆನಿಸಿತು. ಬೈಯಬೇಕು, ಕ್ಷಮೆ ಕೇಳಬೇಕು, ಜೊತೆಯಲ್ಲಿ ಕೂತು ಅಳಬೇಕು. ಯಾವುದಕ್ಕೂ ಅವನಿರಲಿಲ್ಲ.

ಚಿಕ್ಕಪ್ಪ ಹಳೆಯ ಸೆಟ್ಟನ್ನು ಮಗಳ ಕೈಗಿಟ್ಟು, ಹೊಸದನ್ನು ಕೂರಿಸಿದರು. ಕುಸಿದ ಕೆನ್ನೆ ತುಂಬಿತು, ತುಟಿಗಳು ಹದವಾಗಿ ಮುಚ್ಚಿಕೊಂಡವು.

"ನೋಡಿ, ಎಷ್ಟು ಶಾಂತವಾಗಿದ್ದಾರೆ," ಎಂದರು ಗುಮಾಸ್ತರು. "ಎಲ್ಲಾ ಗೆದ್ದೋರು."

ನಾಲ್ವರು ಬಗ್ಗಿ ಎತ್ತಿದರು. ಮಗಳು ಸವೆದ ಸೆಟ್ಟನ್ನು ಮುಷ್ಟಿಯಲ್ಲಿ ಹಿಡಿದು ಎದ್ದು ನಿಂತಳು. ಮುಷ್ಟಿ ಬಿಗಿಯಾಯಿತು, ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ಉಜ್ಜಿ ಕರಕರ ಎಂದಿತು.

ತಾಯಿ ತಟ್ಟನೆ ತಿರುಗಿ, ಮೂಲೆಯಲ್ಲಿದ್ದ ಖಾಲಿ ಬೋನಿನ ಕಡೆ ನೋಡಿದಳು.