ಹತ್ತನೆಯ ಜಾಗ

ರೊಸಾಲ್ಬಾಳ ಮೊಳದುದ್ದದ ಆಟದ ಕಾರು ದಿಬ್ಬದಾಚೆ ಮಗುಚಿ ಬಿದ್ದು, ನಾಲ್ಕೂ ಚಕ್ರಗಳನ್ನು ಗಾಳಿಯಲ್ಲಿ ತಿರುಗಿಸುತ್ತಿತ್ತು. ಅವಳು ರಿಮೋಟು ಹಿಡಿದು, ಓಡಿಸುವವರ ಅಟ್ಟಣೆಯ ಮೇಲೆ ನಿಂತಿದ್ದಳು. ಓಟ ಮುಗಿಯುವ ತನಕ ಕೆಳಗಿಳಿಯುವ ಹಾಗಿಲ್ಲ. ಒಂದು ಗುಂಪಿನವರು ಓಡಿಸಿ ಮುಗಿಸಿದ ಮೇಲೆ ತಿರುವುಗಳಲ್ಲಿ ನಿಂತು, ಮುಂದಿನ ಗುಂಪಿನವರ ಬಿದ್ದ ಕಾರುಗಳನ್ನು ಎತ್ತಿ ನಿಲ್ಲಿಸಬೇಕು. ಹೆಮೆಟ್ ಊರಿನ ಈ ಮಣ್ಣಿನ ಹಾದಿಯಲ್ಲಿ ಅದು ಮೊದಲಿನಿಂದ ಬಂದ ಕಟ್ಟಳೆ.

ಆ ದಿಬ್ಬದ ಬಳಿ ನಿಂತಿದ್ದವನು ಮುದುಕ ಆರ್ವಿಲ್. ಫೈನಲ್‌ನಲ್ಲಿ ಇದ್ದದ್ದೇ ಹತ್ತು ಜಾಗ. ಹಿಂದಿನ ಗುಂಪಿನಲ್ಲಿ ಓಡಿಸಿದ್ದ ಅವನ ವೇಳೆಗೆ ಹತ್ತನೆಯದು ಆ ಹೊತ್ತಿಗೆ ಅವನದಾಗಿತ್ತು. ರೊಸಾಲ್ಬಾಳದೇ ಕೊನೆಯ ಗುಂಪು; ಹದಿಮೂರು ಸುತ್ತುಗಳನ್ನು ಅವನಿಗಿಂತ ಬೇಗ ಮುಗಿಸಿದರೆ ಅದು ಅವಳ ಪಾಲು.

ವಾರವೆಲ್ಲ ಶಾಲೆಯ ಬಸ್ಸು ಓಡಿಸುವ ರೊಸಾಲ್ಬಾ ಒಂಬತ್ತು ವರ್ಷಗಳಿಂದ ಭಾನುವಾರ ತಪ್ಪಿಸಿದವಳಲ್ಲ. ಫೈನಲ್ ಮಾತ್ರ ಒಮ್ಮೆಯೂ ಕಂಡಿರಲಿಲ್ಲ. ಉಳಿದವರ ಕಾರುಗಳಲ್ಲಿ ಮೋಟಾರು ನಡುವಿಗೆ ಬಂದು ಎಷ್ಟೋ ಕಾಲವಾಗಿತ್ತು. ಅವಳದರಲ್ಲಿ ಇನ್ನೂ ಹಿಂದಿನ ಚಕ್ರಗಳ ಆಚೆಗೇ ಜೋತುಕೊಂಡಿತ್ತು. ಬಾಲಕ್ಕೆ ಗಂಟು ಕಟ್ಟಿದ ಕತ್ತೆ ಎಂದು ಆರ್ವಿಲ್ ಅದನ್ನು ಆಡಿಕೊಳ್ಳುತ್ತಿದ್ದ. ಆದರೆ ಇವತ್ತು ಬೆಳಿಗ್ಗೆ ನೀರಿನ ಪಂಪು ಕೆಟ್ಟು, ಗಟ್ಟಿಯಾಗಿರಬೇಕಾದ ಜೇಡಿಮಣ್ಣು ಹಿಟ್ಟಿನಂತಾಗಿತ್ತು. ಮೆರೆಯುತ್ತಿದ್ದ ಕಾರುಗಳೆಲ್ಲ ತಿರುವು ತಿರುವಿಗೂ ಜಾರತೊಡಗಿದವು. ಹಿಂದಿನ ಭಾರಕ್ಕೆ ಚಕ್ರಗಳು ನೆಲ ಕಚ್ಚಿ, ಹೊರೆಯೇ ವರವಾದ ಕತ್ತೆಯ ಹಾಗೆ ಅವಳದೊಂದೇ ಓಡಿತು. ಕೊನೆಯ ಸುತ್ತಿನಲ್ಲಿ ಅವಳಿಗೆ ಆಸೆ ಹೆಚ್ಚಾಯಿತು. ದಿಬ್ಬವನ್ನು ಜೋರಾಗಿ ಹಾರಿಸಿದಳು.

ಆರ್ವಿಲ್‌ಗೆ ಮಂಡಿ ನೋವಿತ್ತು. ನಡೆದು ಬಂದಿದ್ದರೂ ಯಾರೂ ಒಂದು ಮಾತು ಅನ್ನುತ್ತಿರಲಿಲ್ಲ.

ಅವನು ಎದುರು ಬಂದ ಕಾರೊಂದನ್ನು ಹೋಗಬಿಟ್ಟು, ಓಡಿದ. ಕುಂಟುತ್ತಲೇ ಓಡಿದ. ಕಾರನ್ನೆತ್ತಿ, ಮೂತಿಯನ್ನು ಮುಂದಿನ ತಿರುವಿಗೆ ಸರಿಯಾಗಿ ತಿರುಗಿಸಿಟ್ಟು, ಅವಳಿಗೆ ಹಾದಿ ಕಾಣಲೆಂದು ಪಕ್ಕಕ್ಕೆ ಸರಿದು ನಿಂತ.

ಅರ್ಧ ಸೆಕೆಂಡಿಗೂ ಕಡಿಮೆ ಅಂತರದಲ್ಲಿ ರೊಸಾಲ್ಬಾ ಹತ್ತನೆಯವಳು, ಆರ್ವಿಲ್ ಹನ್ನೊಂದನೆಯವನು ಎಂದು ಮೈಕಿನಲ್ಲಿ ಕೂಗಿದರು. ಅಟ್ಟಣೆಯಲ್ಲಿದ್ದವರು ಅವಳ ಬೆನ್ನು ತಟ್ಟಿದರು. ಅವಳ ಕಣ್ಣು ದಿಬ್ಬದ ಕಡೆಗೇ ಇತ್ತು. ಕಾರು ಎತ್ತಿಕೊಂಡು ಅವನಿದ್ದ ಡೇರೆಗೆ ಹೋದಳು.

"ನಿಧಾನವಾಗಿ ಬಂದಿದ್ರೆ ಆ ಜಾಗ ನಿಮ್ದೇ ಇರ್ತಿತ್ತು," ಎಂದಳು.

"ನಿನ್ನ ಕತ್ತೆ ಹಂಗೆ ಕಾಲು ಮೇಲೆ ಮಾಡ್ಕೊಂಡು ಒದ್ದಾಡ್ತಿದ್ರೆ ನೋಡೋಕಾಗುತ್ತೇನಮ್ಮ?" ಆರ್ವಿಲ್ ಕೈ ಚಾಚಿದ. "ಕೊಡಿಲ್ಲಿ. ಮೋಟಾರೆಲ್ಲ ಧೂಳು. ನನ್ನ ಜಾಗದಲ್ಲಿ ನಿಲ್ಲೋದು ಇಷ್ಟು ಗಲೀಜಾಗಿರಬಾರದು."

ಅವನು ಕಾರನ್ನು ತೊಡೆಯ ಮೇಲೆ ಮಲಗಿಸಿಕೊಂಡು ಬ್ರಷ್ಷಿನಿಂದ ಧೂಳು ಕೊಡವತೊಡಗಿದ. ಹಿಂದಿನ ಚಕ್ರ ಬಿಚ್ಚಿದ, ಎಣ್ಣೆ ಬಿಟ್ಟ. ಫೈನಲ್‌ಗೆ ಇನ್ನೂ ಇಪ್ಪತ್ತು ನಿಮಿಷವಿತ್ತು. ರೊಸಾಲ್ಬಾ ಚೀಲದಿಂದ ಒಂದು ಕಿತ್ತಳೆ ತೆಗೆದು ಸುಲಿದಳು. ಬಿಳಿ ನಾರನ್ನೂ ಬಿಡಿಸಿ, ಮೇಜಿನ ಮೇಲೆ ಕಾಗದ ಹಾಸಿ, ತೊಳೆಗಳನ್ನು ಅವನ ಮೊಣಕೈ ಬಳಿ ಇಟ್ಟಳು. ಅವನ ಎರಡೂ ಕೈ ಎಣ್ಣೆಯಾಗಿದ್ದವು. ಮೇಜಿಗೆ ಬಗ್ಗಿ ತುಟಿಯಿಂದಲೇ ಒಂದು ತೊಳೆ ಎತ್ತಿಕೊಂಡು, ಮತ್ತೆ ಬ್ರಷ್ಷಾಡಿಸಿದ.

ಅವನು ಮತ್ತೊಮ್ಮೆ ಬಗ್ಗುವುದರೊಳಗೆ ಅವಳು ಮಿಕ್ಕ ತೊಳೆಗಳ ಬೀಜ ತೆಗೆದಿಟ್ಟಳು.